ಕಿತ್ತೂರಿನ ಥ್ಯಾಕರೆ, ಮುಂಬೈಯ ಠಾಕ್ರೆ: ಈ ಹೆಸರಿನ ಮೂಲ ಎಲ್ಲಿಯದು?

ಕಿತ್ತೂರ ಕಡೆಯವ

ಎಲ್ಲರಿಗೂ ನಮಸ್ಕಾರ. ಮಗಳು ಶಾಲೆಯಲ್ಲಿ ಚೆನ್ನಮ್ಮನ ಏಕಪಾತ್ರಾಭಿನಯ ಮಾಡ್ತಿದ್ದಾಳೆ. ಮನೆಯಲ್ಲಿ ದಿನಾ ಅದೇ ಅಭ್ಯಾಸ. 1824ರ ಅಕ್ಟೋಬರ್ 23, ಕಿತ್ತೂರು ಕೋಟೆ, ಕಲೆಕ್ಟರ್ ಥ್ಯಾಕರೆ ಹತನಾಗ್ತಾನೆ, ಚಪ್ಪಾಳೆ. ನಿನ್ನೆ ಅಭ್ಯಾಸದ ನಡುವೆ ನಿಂತು ಕೇಳಿದಳು: "ಅಪ್ಪಾ, ಟಿವಿಯಲ್ಲಿ ಬರೋ ಮುಂಬೈ ಠಾಕ್ರೆ ಇವನ ಮನೆತನದವರಾ?"

ನಕ್ಕುಬಿಟ್ಟೆ. ಆಮೇಲೆ ಮೊಬೈಲ್ ತೆಗೆದು ನೋಡಿದರೆ ಇಂಗ್ಲಿಷಿನಲ್ಲಿ ಎರಡೂ ಹೆಸರಿನ ಸ್ಪೆಲಿಂಗ್ ಒಂದೇ, ಒಂದಕ್ಷರವೂ ಆಚೀಚೆ ಇಲ್ಲ. ಈಗ ನನಗೇ ಅನುಮಾನ. ತಿಳಿದವರು ಹೇಳಿ.

ಪುಣೆ ಕನ್ನಡಿಗ

ಯಾವ ಸಂಬಂಧವೂ ಇಲ್ಲ. ಮರಾಠಿಯಲ್ಲಿ ಅದು 'ಠಾಕರೆ', ಅಪ್ಪಟ ಅಲ್ಲಿನದೇ ಅಡ್ಡಹೆಸರು. ಬಿಜೆಪಿ ಅಧ್ಯಕ್ಷರಾಗಿದ್ದ ಕುಶಾಭಾವು ಠಾಕ್ರೆ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ, ಉಚ್ಚಾರದಂತೆಯೇ ಬರೆಯುತ್ತಿದ್ದರು. ಬಾಳಾ ಠಾಕ್ರೆ ಅವರ ತಂದೆ ಕೇಶವ ಸೀತಾರಾಮ ಠಾಕರೆ, ಅಂದರೆ 'ಪ್ರಬೋಧನಕಾರ' (1885–1973), ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯನ್ನು ಮೆಚ್ಚಿ ಆ ಸ್ಪೆಲಿಂಗ್ ಇಟ್ಟುಕೊಂಡರು ಅಂತ ಹೇಳ್ತಾರೆ. ಅಂಗಿ ಮಾತ್ರ ಇಂಗ್ಲಿಷ್, ಒಳಗಿನ ಆಳು ಮರಾಠಿ!

ಹಳೇ ಕಡತ

ಪುಣೆಯವರು ಹೇಳಿದ್ದು ಸರಿ. ಆದರೆ ಒಂದು ಮಜಾ ಇದೆ. ಆ ಕಾದಂಬರಿಕಾರನಿಗೂ ಕಿತ್ತೂರಿನಲ್ಲಿ ಸತ್ತವನಿಗೂ ಸಂಬಂಧ ಇದೆ, ಅದೂ ಹತ್ತಿರದ್ದೇ. ಸೇಂಟ್ ಜಾನ್ ಥ್ಯಾಕರೆ ಅವನ ಚಿಕ್ಕಪ್ಪ. ಹಾಗಾಗಿ ಮಗಳ ಪ್ರಶ್ನೆ ಪೂರ್ತಿ ತಪ್ಪಲ್ಲ ರೀ. ಕಿತ್ತೂರಿನ ಕಲೆಕ್ಟರನ ಮನೆತನದ ಸ್ಪೆಲಿಂಗು ಅವನ ಅಣ್ಣನ ಮಗನ ಮೂಲಕ ಮುಂಬೈಗೆ ಹೋಗಿ ಕೂತಿದೆ. ರಕ್ತ ಹೋಗಿಲ್ಲ, ಅಕ್ಷರ ಹೋಗಿದೆ.

ಹುಬ್ಬಳ್ಳಿ ಟು ಲೀಡ್ಸ್

ಈ ಚರ್ಚೆ ನೋಡಿ ಸುಮ್ನಿರೋಕೆ ಆಗಲಿಲ್ಲ. ನಾನಿರೋದು ಲೀಡ್ಸ್‌ನಲ್ಲಿ, ಹನ್ನೊಂದು ವರ್ಷ ಆಯ್ತು. ಈ ಹೆಸರು ನಮ್ಮ ಯಾರ್ಕ್‌ಶೈರಿನದೇ!

ಹ್ಯಾರೋಗೇಟ್ ಊರಿನ ಪಶ್ಚಿಮಕ್ಕೆ ವಾಶ್‌ಬರ್ನ್ ಅಂತ ಒಂದು ಸಣ್ಣ ಹೊಳೆ ಹರಿಯುತ್ತದೆ. ಅದರ ಕಣಿವೆಯಲ್ಲಿ ಫ್ಯೂಸ್ಟನ್, ಗ್ರೇಟ್ ಟಿಂಬಲ್ ಅನ್ನೋ ಹಳ್ಳಿಗಳು. ಅವುಗಳ ಹತ್ತಿರ 'ಥ್ಯಾಕ್ರೇ' ಅಂತ ಒಂದು ಜಾಗ ಇತ್ತು. ಹೆಸರು ಬಂದಿದ್ದು ಅಲ್ಲಿಂದ. ಹಳೆಯ ನಾರ್ಸ್ ಭಾಷೆಯಲ್ಲಿ, ಅಂದರೆ ವೈಕಿಂಗರ ಭಾಷೆಯಲ್ಲಿ, 'ಥಾಕ್' ಅಂದರೆ ಮನೆಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಅಂದರೆ ಮೂಲೆ. ಜೊಂಡು ಸಿಗುವ ಮೂಲೆ, ಅಷ್ಟೇ. ಕಲೆಕ್ಟರ್ ಹೆಸರಿನೊಳಗೆ ಇರೋದು ಒಂದು ಹುಲ್ಲುಗಾವಲಿನ ಮೂಲೆ.

ಈಗ ಹೋಗಿ ನೋಡ್ತೀನಿ ಅಂದರೆ ಆ ಜಾಗ ಸಿಗಲ್ಲ. 1870ರ ದಶಕದಲ್ಲಿ ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕಾಗಿ ಆ ಹೊಳೆಗೆ ಅಣೆಕಟ್ಟು ಹಾಕಿದರು. ಫ್ಯೂಸ್ಟನ್ ಜಲಾಶಯ 1879ರಲ್ಲಿ ಮುಗಿಯಿತು, ಥ್ಯಾಕ್ರೇ ಅದರ ಅಡಿಗೆ ಹೋಯಿತು. ಭಾನುವಾರ ನಾವು ಅದರ ದಂಡೆಯ ಮೇಲೆ ನಡೆಯೋಕೆ ಹೋಗ್ತೀವಿ. ಸುತ್ತಲೂ ಪೈನ್ ಮರ, ಬಾತುಕೋಳಿ, ಜಾಸ್ತಿ ಅಂದರೆ ನಾಯಿ ಹಿಡಿದುಕೊಂಡ ನಾಲ್ಕು ಜನ.

ಮಲೆನಾಡ ಮಳೆ

ಓದಿ ಒಂಥರಾ ಆಯ್ತು. ನಮ್ಮದು ಶರಾವತಿ ಮುಳುಗಡೆ ಕುಟುಂಬ. ಅಜ್ಜನ ಊರು ಲಿಂಗನಮಕ್ಕಿ ನೀರಿನ ಅಡಿಯಲ್ಲಿದೆ. ಈಗಲೂ ನಮ್ಮನ್ನು ಆ ಊರಿನ ಹೆಸರಿಂದಲೇ ಕರೀತಾರೆ. ಊರಿಲ್ಲ, ಹೆಸರು ಮಾತ್ರ ಓಡಾಡ್ತಿದೆ.

ಒಂದು ಪ್ರಶ್ನೆ ಅಕ್ಕ. ಇಂಗ್ಲೆಂಡಿನಲ್ಲಿ ವೈಕಿಂಗರ ಭಾಷೆ ಎಲ್ಲಿಂದ ಬಂತು? ಅವರು ಲೂಟಿ ಮಾಡಿ ಹೋದವರು ಅಲ್ವಾ?

ಹುಬ್ಬಳ್ಳಿ ಟು ಲೀಡ್ಸ್

ಲೂಟಿಗೆ ಬಂದವರು ನೆಲ ಚೆನ್ನಾಗಿದೆ ಅಂತ ಕೂತುಬಿಟ್ಟರು. 866ರಲ್ಲಿ ಯಾರ್ಕ್ ಹಿಡಿದರು. ಹತ್ತು ವರ್ಷಕ್ಕೆ, 876ರಲ್ಲಿ, ಸುತ್ತಲಿನ ಜಮೀನು ಹಂಚಿಕೊಂಡು ಉಳುಮೆಗೆ ನಿಂತರು. ಮುಂದೆ ಐರ್ಲೆಂಡ್ ಕಡೆಯಿಂದಲೂ ನಾರ್ವೆ ಮೂಲದವರು ಬಂದು ಸೇರಿದರು. ಯಾರ್ಕ್‌ಶೈರಿನಲ್ಲಿ '-ಬಿ', '-ಥಾರ್ಪ್', '-ಥ್ವೇಟ್' ಅಂತ ಕೊನೆಯಾಗುವ ಊರುಗಳು ಅವರ ಬಳುವಳಿ. 'ವ್ರಾ' ಇಂದಲೇ ರೇ, ಡಾಕ್ರೇ ಅನ್ನೋ ಹೆಸರುಗಳೂ ಬಂದಿವೆ.

ಹಳೇ ಕಡತ

ಇಲ್ಲೊಂದು ಕನ್ನಡದವರಿಗೆ ತಟ್ಟನೆ ಹೊಳೆಯೋ ವಿಷಯ ಇದೆ. ನಾವು 'ಕಿವಿ' ಅಂತೀವಿ, ತೆಲುಗಿನವರು 'ಚೆವಿ'. ನಮ್ಮ 'ಕೆರೆ' ಅವರ 'ಚೆರುವು'. ನಮ್ಮ ಕಕಾರ ಅಲ್ಲಿ ಚಕಾರ. ಇಂಗ್ಲೆಂಡಿನ ಉತ್ತರಕ್ಕೂ ದಕ್ಷಿಣಕ್ಕೂ ಹೀಗೇ. ದಕ್ಷಿಣದಲ್ಲಿ 'ಚರ್ಚ್', ಉತ್ತರದಲ್ಲಿ 'ಕರ್ಕ್'. ದಕ್ಷಿಣದಲ್ಲಿ 'ಡಿಚ್', ಉತ್ತರದಲ್ಲಿ 'ಡೈಕ್'. ಹಾಗೇ ಹುಲ್ಲಿನ ಮಾಡಿಗೆ ದಕ್ಷಿಣದಲ್ಲಿ 'ಥ್ಯಾಚ್', ಉತ್ತರದಲ್ಲಿ 'ಥ್ಯಾಕ್'. ಉತ್ತರದಲ್ಲಿ ಕಕಾರ ಗಟ್ಟಿಯಾಗಿ ಉಳಿದಿದ್ದಕ್ಕೆ ನಾರ್ಸ್ ಭಾಷೆಯ ಒತ್ತಾಸೆಯೂ ಇತ್ತು.

ಚಹಾಪುಡಿ

ಓಹೋ, ಹಾಗಾದರೆ ಮಾರ್ಗರೆಟ್ ಥ್ಯಾಚರ್ ಮತ್ತು ಕಿತ್ತೂರು ಥ್ಯಾಕರೆ ಒಂದೇ ಹೆಸರು! ಇಬ್ಬರೂ ಹುಲ್ಲು ಹೊದಿಸೋರು. ಈಗ ಅರ್ಥ ಆಯ್ತು.

ಹಳೇ ಕಡತ

ಅರ್ಧ ಅರ್ಥ ಆಗಿದೆ ಗುರು. 'ಥ್ಯಾಚರ್' ಕಸುಬಿನ ಹೆಸರು, ಮಾಡು ಹೊದಿಸುವವನು. ಅದರ ಉತ್ತರದ ರೂಪ 'ಥ್ಯಾಕರ್'. ಆದರೆ 'ಥ್ಯಾಕರೆ' ಜಾಗದ ಹೆಸರು. ಬೇರು ಒಂದೇ, ಗಿಡ ಬೇರೆ. ಕುಂಬಾರನಿಗೂ ಕುಂಬಾರಹಳ್ಳಿಯವನಿಗೂ ಇರೋ ವ್ಯತ್ಯಾಸ. ಅಂದ ಹಾಗೆ ಮಾರ್ಗರೆಟ್ ಅವರಿಗೆ ಅದು ಗಂಡನ ಹೆಸರು. ತವರಿನ ಹೆಸರು ರಾಬರ್ಟ್ಸ್.

ಪುಣೆ ಕನ್ನಡಿಗ

ಇನ್ನೊಂದು ಗೋಜಲು ಸೇರಿಸ್ತೀನಿ. ಗುಜರಾತಿನ ಲೋಹಾಣಾ ಸಮುದಾಯದ 'ಠಕ್ಕರ್' ಅವರಲ್ಲಿ ಎಷ್ಟೋ ಜನ ಇಂಗ್ಲಿಷಿನಲ್ಲಿ ಬರೆಯೋದು ಸಾಕ್ಷಾತ್ 'ಥ್ಯಾಕರ್' ಅಂತಲೇ. ಆ ಕಡೆ ಕಲ್ಕತ್ತಾದಲ್ಲಿ ಹಳೇ ಪುಸ್ತಕದ ಕಂಪನಿ ಥ್ಯಾಕರ್ ಸ್ಪಿಂಕ್ ಇತ್ತು, ಅದು ಇಂಗ್ಲಿಷರದು. ಬೋರ್ಡ್ ಓದಿ ಯಾರು ಯಾರು ಅಂತ ಹೇಳೋಕೆ ಆಗಲ್ಲ.

ಕಿತ್ತೂರ ಕಡೆಯವ

ನಾನು ಕೇಳಿದ್ದು ಒಂದು ಲೋಟ ನೀರು, ನೀವು ಮಲಪ್ರಭಾ ಕಾಲುವೆಯನ್ನೇ ಬಿಟ್ಟಿರಿ! ಖುಷಿ ಆಯ್ತು. ಒಂದು ತಿಳಿಯಲಿಲ್ಲ. ಜಾಗದ ಹೆಸರು ಮನುಷ್ಯನಿಗೆ ಹೇಗೆ ಅಂಟಿತು? ಆ ಜಾಗದಲ್ಲಿ ಇದ್ದವರೆಲ್ಲ ಥ್ಯಾಕರೆಗಳಾ?

ಹುಬ್ಬಳ್ಳಿ ಟು ಲೀಡ್ಸ್

ನಮ್ಮ ಕಡೆಯದ್ದನ್ನೇ ನೆನೆಸಿಕೊಳ್ಳಿ. ಹಾವೇರಿಯಲ್ಲೇ ಇರುವವನನ್ನು ಹಾವೇರಿಯಲ್ಲಿ ಯಾರೂ 'ಹಾವೇರಿ' ಅಂತ ಕರೆಯಲ್ಲ. ಅವನು ಗದಗಕ್ಕೆ ಬಂದು ಅಂಗಡಿ ಹಾಕಿದ ಮೇಲೆ 'ಹಾವೇರಿಯವರ ಅಂಗಡಿ' ಆಗ್ತದೆ, ಮೊಮ್ಮಗನ ಹೊತ್ತಿಗೆ 'ಹಾವೇರಿ' ಅಡ್ಡಹೆಸರು. ಅಲ್ಲೂ ಹೆಚ್ಚುಕಡಿಮೆ ಹಾಗೇ. ಒಂಟಿ ಮನೆಯೋ ತೋಟವೋ ಆಗಿದ್ದರೆ ಮಾತ್ರ ಅಲ್ಲೇ ಇದ್ದವರಿಗೂ ಆ ಹೆಸರು ಬರುತ್ತಿತ್ತು, ಕರಾವಳಿಯವರ ಮನೆ ಹೆಸರಿನ ಹಾಗೆ.

ಇಂಗ್ಲೆಂಡಿನಲ್ಲಿ 1066ರಲ್ಲಿ ನಾರ್ಮನ್ನರು ಬಂದ ಮೇಲೆ ದೊಡ್ಡ ಜಮೀನುದಾರರು ಅಡ್ಡಹೆಸರು ಹಿಡಿದರು. ಸಾಮಾನ್ಯ ಜನರಿಗೆ ಅದು ಇಳಿದು ಬರೋಕೆ ಮುನ್ನೂರು ವರ್ಷ ಬೇಕಾಯ್ತು. ಉತ್ತರದಲ್ಲಿ ಇನ್ನೂ ತಡ. 1379ರ ತಲೆಗಂದಾಯದ ಪಟ್ಟಿ ವೆಸ್ಟ್ ರೈಡಿಂಗ್ ಪ್ರದೇಶದ್ದು ಚೆನ್ನಾಗಿ ಉಳಿದಿದೆ. ಯಾರ್ಕ್‌ಶೈರ್ ಹೆಸರು ಹುಡುಕುವವರು ಮೊದಲು ಕೈ ಹಾಕೋದು ಅದಕ್ಕೇ.

ಅಂಕಿ ಸಂಕಿ

ಜನಸಂಖ್ಯೆ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಬಂದೆ.

ಎಲ್ಲಾ ಊರಲ್ಲೂ ಒಬ್ಬ ಕಮ್ಮಾರ ಇದ್ದ. ಹಾಗಾಗಿ 'ಸ್ಮಿತ್' ಸಾವಿರ ಕಡೆ ಬೇರೆ ಬೇರೆಯಾಗಿ ಹುಟ್ಟಿತು. 1853ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಮರಣ ನೋಂದಣಿ ಇಲಾಖೆ ಅಂದಾಜು ಹಾಕಿದಾಗ ಸ್ಮಿತ್‌ಗಳು 2,53,600, ಜೋನ್ಸ್‌ಗಳು 2,42,100. ಅಂದರೆ ಸುಮಾರು 73 ಜನರಲ್ಲಿ ಒಬ್ಬ ಸ್ಮಿತ್! ಇಬ್ಬರು ಸ್ಮಿತ್‌ಗಳು ಸಿಕ್ಕರೆ ಅವರು ದಾಯಾದಿಗಳು ಅಂತ ಹೇಳೋಕೆ ಯಾವ ಆಧಾರವೂ ಇಲ್ಲ.

ಥ್ಯಾಕರೆ ಇದಕ್ಕೆ ಉಲ್ಟಾ. ಒಂದು ಕಣಿವೆ, ಒಂದು ಮೂಲೆ. 1881ರ ಜನಗಣತಿಯನ್ನು ಪೂರ್ತಿ ಕಂಪ್ಯೂಟರಿಗೆ ಹಾಕಿರೋದರಿಂದ ಯಾವ ಅಡ್ಡಹೆಸರು ಎಲ್ಲಿ ದಟ್ಟ ಅಂತ ನಕ್ಷೆ ತೆಗೀಬಹುದು. ಸ್ಮಿತ್ ಹಾಕಿದರೆ ಇಡೀ ದೇಶಕ್ಕೇ ಬಣ್ಣ. ಥ್ಯಾಕ್ರೇ ಹಾಕಿದರೆ ಯಾರ್ಕ್‌ಶೈರಿನ ವೆಸ್ಟ್ ರೈಡಿಂಗ್‌ನಲ್ಲಿ, ಲೀಡ್ಸ್ ಸುತ್ತ ಗಾಢವಾದ ಕಲೆ. ಆರುನೂರು ವರ್ಷದಲ್ಲಿ ಹೆಚ್ಚಿನವರು ಒಂದು ದಿನದ ನಡಿಗೆಯಷ್ಟು ದೂರ ಹೋಗಿದ್ದಾರೆ, ಅಷ್ಟೇ.

ಹಾಗಂತ ಒಂದೇ ಜಾಗದ ಹೆಸರು ಅಂದರೆ ಒಂದೇ ರಕ್ತ ಅಂತಲೂ ಅಲ್ಲ. ಅದೇ ಯಾರ್ಕ್‌ಶೈರ್ ಕಡೆಯ 'ಸೈಕ್ಸ್' ಅನ್ನೋ ಹೆಸರಿನ ಗಂಡಸರ ಡಿಎನ್‌ಎ ಪರೀಕ್ಷೆ 2000ದಲ್ಲಿ ನಡೀತು. ಮಾಡಿದ ವಿಜ್ಞಾನಿ ಬ್ರಯಾನ್ ಸೈಕ್ಸ್, ಅವರದೂ ಅದೇ ಹೆಸರು. ಸುಮಾರು ಅರ್ಧದಷ್ಟು ಜನರಲ್ಲಿ ಒಂದೇ ಮೂಲಪುರುಷನ ಗುರುತು ಸಿಕ್ಕಿತು. ಉಳಿದರ್ಧ? ದತ್ತು, ಹೆಂಡತಿ ಕಡೆಯ ಹೆಸರು, ಗುಟ್ಟಿನ ವ್ಯವಹಾರ. ಏನು ಬೇಕಾದರೂ ಇರಬಹುದು 😀

ಬೇ ಏರಿಯಾ ಭೀಮ

ಅಮೆರಿಕದ್ದು ನಾನು ಹೇಳ್ತೀನಿ. 2010ರ ಜನಗಣತಿಯಲ್ಲಿ ಸ್ಮಿತ್‌ಗಳು 24,42,977. ಅವರಲ್ಲಿ ಶೇ. 23ರಷ್ಟು ಕಪ್ಪು ಜನ. 'ವಾಷಿಂಗ್ಟನ್' ಅಡ್ಡಹೆಸರಿನವರಲ್ಲಿ ಶೇ. 87ಕ್ಕೂ ಜಾಸ್ತಿ ಕಪ್ಪು ಜನ. ಆ ವಾಷಿಂಗ್ಟನ್ನೂ ಮೂಲದಲ್ಲಿ ಇಂಗ್ಲೆಂಡಿನ ಒಂದು ಊರಿನ ಹೆಸರೇ. ಗುಲಾಮಗಿರಿಯಿಂದ ಬಿಡುಗಡೆಯಾದವರು ಅಡ್ಡಹೆಸರು ಆರಿಸಿಕೊಂಡರು, ಎಷ್ಟೋ ಜನರಿಗೆ ಮೊದಲೇ ಇತ್ತು. ಇನ್ನು ಜರ್ಮನಿಯಿಂದ ಬಂದ 'ಶ್ಮಿಟ್'ಗಳು ಎಷ್ಟೋ ಜನ ಇಲ್ಲಿ ಸ್ಮಿತ್ ಆದರು. ನಮ್ಮ ಆಫೀಸಿನಲ್ಲಿ ಮೂರು ಸ್ಮಿತ್ ಇದ್ದಾರೆ, ಮೂವರ ಮೂಲ ಮೂರು ಖಂಡ. ಠಾಕ್ರೆ ಕಥೆ ನನಗೆ ಆಶ್ಚರ್ಯ ಆಗಲೇ ಇಲ್ಲ.

ನೇರ ಮಾತು

ಕ್ಷಮಿಸಿ, ಒಂದು ಮಾತು. ನಮ್ಮ ನೆಲ ನುಂಗೋಕೆ ಬಂದವನ ವಂಶಾವಳಿ ಕಟ್ಕೊಂಡು ನಮಗೇನಾಗಬೇಕು? ಅವನಿಗೆ ಗುಂಡು ಹೊಡೆದ ಅಮಟೂರು ಬಾಳಪ್ಪನ ಮನೆತನದ ಬಗ್ಗೆ ಯಾರಾದರೂ ಇಷ್ಟು ಹುಡುಕಿದ್ದಾರಾ?

ಹಳೇ ಕಡತ

ನಿಮ್ಮ ಎರಡನೇ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಬೇರೆ ಚರ್ಚೆಯೇ ಆಗಬೇಕು. ಲಾವಣಿಗಳಲ್ಲಿ ಗುಂಡು ಹೊಡೆದವನ ಹೆಸರು ಉಳಿದಿದೆ, ಕಚೇರಿ ಕಾಗದಗಳಲ್ಲಿ ಗುಂಡು ತಿಂದವನದು. ನಮಗೆ ಸಿಗೋದು ಕಾಗದ.

ಆದರೆ ಮೊದಲನೆಯದಕ್ಕೆ ಒಪ್ಪಲ್ಲ. ಯಾಕೆ ಅಂದರೆ ಈ ಮನೆತನ ಕಿತ್ತೂರಿಗೆ ಆಕಸ್ಮಿಕವಾಗಿ ಬಂದಿದ್ದಲ್ಲ. ಹ್ಯಾರೋಗೇಟ್ ಹತ್ತಿರದ ಹ್ಯಾಂಪ್ಸ್‌ತ್ವೇಟ್ ಹಳ್ಳಿಯ ಥಾಮಸ್ ಥ್ಯಾಕರೆ (1693–1760) ಓದಿ ಮೇಲೆ ಬಂದು ಹ್ಯಾರೋ ಶಾಲೆಯ ಮುಖ್ಯಸ್ಥನಾದ. ಮನೆ ತುಂಬ ಮಕ್ಕಳು. ಕೊನೆಯ ಮಗ ವಿಲಿಯಂ ಕಂಪನಿ ಕೆಲಸಕ್ಕೆ 1766ರಲ್ಲಿ ಬಂಗಾಳಕ್ಕೆ ಬಂದ. ಸಿಲ್ಹೆಟ್‌ನಲ್ಲಿ ಕಲೆಕ್ಟರ್, ಜೊತೆಗೆ ಆನೆ ಹಿಡಿಸಿ ಕಂಪನಿಗೇ ಮಾರುವ ವ್ಯಾಪಾರ! ದುಡ್ಡು ಮಾಡಿಕೊಂಡು ಊರಿಗೆ ಹೋದ. ಆಮೇಲೆ ಅವನ ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದರು, ಹೆಚ್ಚಿನವರು ವಾಪಸ್ ಹೋಗಲಿಲ್ಲ.

ಒಬ್ಬ ವಿಲಿಯಂ, ಮದ್ರಾಸ್ ಕಡೆ ಥಾಮಸ್ ಮನ್ರೋ ಕೈಕೆಳಗೆ ಇದ್ದವನು. 1807ರಲ್ಲಿ ಮಲಬಾರ್, ಕೆನರಾ ಸುತ್ತಿ ಜಮೀನು ಕಂದಾಯದ ವರದಿ ಬರೆದ. ಕರಾವಳಿಯ ಭೂ ಇತಿಹಾಸ ಓದುವವರಿಗೆ ಆ ವರದಿ ಗೊತ್ತಿರುತ್ತೆ. ಇನ್ನೊಬ್ಬ ಥಾಮಸ್, ನೇಪಾಳ ಯುದ್ಧದಲ್ಲಿ 1814ರಲ್ಲಿ ಸತ್ತ. ರಿಚ್ಮಂಡ್ 1815ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡ. ಸೇಂಟ್ ಜಾನ್ ಧಾರವಾಡದ ಕಲೆಕ್ಟರ್ ಆದ. ಸೆಪ್ಟೆಂಬರ್ 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಒಪ್ಪದೆ, ಖಜಾನೆಗೆ ಮೊಹರು ಹಾಕಿಸಿ, ಫಿರಂಗಿ ತರಿಸಿ ಕೋಟೆ ಬಾಗಿಲಿಗೆ ನಿಂತ. ಮುಂದಿನದು ನಮ್ಮೆಲ್ಲರಿಗೂ ಗೊತ್ತು.

ರಿಚ್ಮಂಡನ ಮಗನೇ ಕಾದಂಬರಿಕಾರ. ಹುಟ್ಟಿದ್ದು ಕಲ್ಕತ್ತಾದಲ್ಲಿ, 1811ರ ಜುಲೈ 18. ಅಪ್ಪ ಸತ್ತ ಮೇಲೆ ಐದು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಜೊತೆಗಿದ್ದ ಆಳು, ತೋಟದಲ್ಲಿ ಅಡ್ಡಾಡುತ್ತಿದ್ದ ನೆಪೋಲಿಯನ್‌ನನ್ನು ತೋರಿಸಿ "ಅವನು ದಿನಕ್ಕೆ ಮೂರು ಕುರಿ ತಿಂತಾನೆ, ಕೈಗೆ ಸಿಕ್ಕ ಮಕ್ಕಳನ್ನೂ" ಅಂದಿದ್ದನಂತೆ! ಕಿತ್ತೂರಿನಲ್ಲಿ ಚಿಕ್ಕಪ್ಪ ಸತ್ತಾಗ ಈ ಹುಡುಗನಿಗೆ 13 ವರ್ಷ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿದ್ದ. ದೊಡ್ಡವನಾಗಿ ಬರೆದ 'ವ್ಯಾನಿಟಿ ಫೇರ್'ನಲ್ಲಿ ಬಂಗಾಳದಿಂದ ಬಂದ ಒಬ್ಬ ದಪ್ಪ, ಪುಕ್ಕಲ ಕಲೆಕ್ಟರ್ ಬರ್ತಾನೆ. ತನ್ನ ಮನೆತನದ ಕಸುಬನ್ನೇ ಗೇಲಿ ಮಾಡಿದ್ದಾನೆ ಅಂತ ನನಗನ್ನಿಸುತ್ತೆ.

ನೇರ ಮಾತು

ಸರಿ. ಆನೆ ವ್ಯಾಪಾರ ಗೊತ್ತಿರಲಿಲ್ಲ. ಆದರೂ ಬಾಳಪ್ಪನ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತೀನಿ, ನೀವು ಬರಬೇಕು.

ಹಳೇ ಕಡತ

ಖಂಡಿತ. ಅಲ್ಲಿಗೆ ಬರುವಾಗ ವಾಲ್ಟರ್ ಎಲಿಯಟ್ ಹೆಸರನ್ನೂ ತರ್ತೀನಿ. ಅವತ್ತು ಕಿತ್ತೂರಿನಲ್ಲಿ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಅವನೊಬ್ಬ, ಇನ್ನೊಬ್ಬ ಸ್ಟೀವನ್ಸನ್. ಜೀವ ಉಳಿಸಿಕೊಂಡು ಬಂದ ಎಲಿಯಟ್ ಮುಂದೆ ನೂರಾರು ಕನ್ನಡ ಶಾಸನಗಳನ್ನು ಪ್ರತಿ ಮಾಡಿಸಿದ.

ಅಂಕಿ ಸಂಕಿ

ಕಾದಂಬರಿಕಾರನ ಮಾತು ಬಂತಲ್ಲ, ಲೆಕ್ಕದ ಒಂದು ಹಳೇ ಸಮಸ್ಯೆ ನೆನಪಾಯ್ತು. 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನೆ ಹಾಕಿದ: ಅಡ್ಡಹೆಸರು ಗಂಡುಮಕ್ಕಳಿಂದ ಮಾತ್ರ ಮುಂದಕ್ಕೆ ಹೋಗೋದಾದರೆ, ಎಷ್ಟು ತಲೆಮಾರಿಗೆ ಎಷ್ಟು ಹೆಸರು ಅಳಿಯುತ್ತವೆ? ಹೆನ್ರಿ ವಾಟ್ಸನ್ ಅನ್ನೋ ಪಾದ್ರಿ ಲೆಕ್ಕ ಮಾಡಿದ. ಅದು ಈಗ ಪರಮಾಣು ಸರಣಿ ಕ್ರಿಯೆಯಿಂದ ಸಾಂಕ್ರಾಮಿಕ ರೋಗದ ತನಕ ಎಲ್ಲಾ ಕಡೆ ಬಳಕೆಯಲ್ಲಿದೆ. ಸಣ್ಣ ಹೆಸರುಗಳಿಗೆ ಆಯಸ್ಸು ಕಮ್ಮಿ. ನೋಡಿ, ಜಗತ್ತಿಗೆಲ್ಲಾ ಗೊತ್ತಿರೋ ಥ್ಯಾಕರೆಗೆ ಇದ್ದವರು ಹೆಣ್ಣುಮಕ್ಕಳು ಮಾತ್ರ. ಅವನಿಂದ ಅಡ್ಡಹೆಸರು ಮುಂದಕ್ಕೆ ಹೋಗಲಿಲ್ಲ. ಹೋಗಿದ್ದು ಮುಂಬೈಯ ದಾದರ್‌ಗೆ!

ಮಲೆನಾಡ ಮಳೆ

ಹೆಸರು ಒಂದೇ ಥರ ಬರೀತಾರಾ ಅಲ್ಲಿ? ಮೇಲೆ ಒಬ್ಬರು ಥ್ಯಾಕ್ರೇ ಅಂದರು, ಇನ್ನೊಬ್ಬರು ಥ್ಯಾಕರೆ.

ಹುಬ್ಬಳ್ಳಿ ಟು ಲೀಡ್ಸ್

ಎಲ್ಲಿ ಒಂದೇ ಥರ! ಥ್ಯಾಕ್ರೇ, ಥ್ಯಾಕರೇ, ಥ್ಯಾಕ್ರಾ, ಥ್ಯಾಕ್‌ವ್ರೇ... 1538ರಿಂದ ಚರ್ಚಿನ ಪಾದ್ರಿಗಳು ಮದುವೆ, ನಾಮಕರಣ, ಸಾವು ಬರೆದಿಡಬೇಕು ಅಂತ ಆಜ್ಞೆ ಬಂತು. ಬರೆಸುವವನಿಗೆ ಓದು ಬರಲ್ಲ, ಪಾದ್ರಿ ಕಿವಿಗೆ ಕೇಳಿದ್ದನ್ನು ಗೀಚಿದ. ಅಣ್ಣ ತಮ್ಮಂದಿರಿಗೇ ಬೇರೆ ಸ್ಪೆಲಿಂಗ್. 1837ರಲ್ಲಿ ಸರ್ಕಾರಿ ನೋಂದಣಿ ಶುರುವಾಗಿ, ಜನ ಓದೋಕೆ ಕಲಿತ ಮೇಲೆ ಆಯಾ ಮನೆಯ ಸ್ಪೆಲಿಂಗ್ ಗಟ್ಟಿಯಾಯ್ತು. ನಗಬೇಡಿ, ನನ್ನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಒಂದು ಥರ. ಅದಕ್ಕಾಗಿ ಇಲ್ಲಿನ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದೀನಿ.

ಈ ಬೇರೆ ಬೇರೆ ಸ್ಪೆಲಿಂಗ್‌ನವರು ನಮ್ಮೂರಲ್ಲಿ ಎಲ್ಲಾ ಕಡೆ ಸಿಗ್ತಾರೆ. ಚಾರ್ಲ್ಸ್ ಟರ್ನರ್ ಥ್ಯಾಕ್ರಾ (1795–1833) ಅಂತ ಲೀಡ್ಸ್‌ನ ವೈದ್ಯ. ಗಿರಣಿಯ ಧೂಳಿನಿಂದ, ಬಗ್ಗಿ ಕೂತು ಹೊಲಿಯೋದರಿಂದ ಕೆಲಸಗಾರರಿಗೆ ಯಾವ ಕಾಯಿಲೆ ಬರ್ತದೆ ಅಂತ 1831ರಲ್ಲೇ ಬರೆದ. ಕಸುಬಿನ ಕಾಯಿಲೆಗಳ ವೈದ್ಯಶಾಸ್ತ್ರಕ್ಕೆ ಇಂಗ್ಲೆಂಡಿನಲ್ಲಿ ಅವನೇ ಮೊದಲಿಗ. ಥ್ಯಾಕ್ರೇ ವೈದ್ಯಕೀಯ ಮ್ಯೂಸಿಯಂ 1997ರಲ್ಲಿ ತೆರೆಯಿತು. 1902ರಲ್ಲಿ ಔಷಧ ಅಂಗಡಿಯಾಗಿ ಶುರುವಾಗಿ ಆಪರೇಷನ್ ಉಪಕರಣ ಮಾಡುವ ಕಂಪನಿಯಾಗಿ ಬೆಳೆದ ಚಾರ್ಲ್ಸ್ ಎಫ್. ಥ್ಯಾಕ್ರೇ ಹೆಸರಿನದು. ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಜೊತೆ ಕೈಜೋಡಿಸಿದ್ದು ಅದೇ ಕಂಪನಿ. ಮಾವನವರಿಗೆ ಹುಬ್ಬಳ್ಳಿಯಲ್ಲಿ ಸೊಂಟದ ಕೀಲು ಹಾಕಿಸಿದಾಗ ಇದನ್ನು ಹೇಳಿದೆ. "ಥ್ಯಾಕರೆ ಒಳ್ಳೇದೂ ಮಾಡ್ಯಾನ ಹಂಗಾರ" ಅಂದರು.

ಅಂಕಿ ಸಂಕಿ

ಹುಡುಕೋ ಆಸೆ ಇರೋರಿಗೆ ಒಂದು ಸೂಚನೆ. ಇಂಗ್ಲೆಂಡಿನ ಜನಗಣತಿಯಲ್ಲಿ ಹೆಸರು ಸಮೇತ ವಿವರ ಸಿಗೋದು 1841ರಿಂದ. ನೂರು ವರ್ಷ ಆಗೋ ತನಕ ಹೊರಗೆ ಬಿಡಲ್ಲ. 1921ರದ್ದು 2022ರಲ್ಲಿ ಬಂತು. 1931ರದ್ದಕ್ಕೆ ಕಾಯಬೇಡಿ, 1942ರಲ್ಲಿ ಬೆಂಕಿಗೆ ಸುಟ್ಟುಹೋಗಿದೆ. ಯುದ್ಧದ ಬಾಂಬು ಬಿದ್ದಿದ್ದಲ್ಲ, ಸುಮ್ನೆ ಉಗ್ರಾಣಕ್ಕೆ ಬಿದ್ದ ಬೆಂಕಿ.

ಕಿತ್ತೂರ ಕಡೆಯವ

ಎಲ್ಲಾ ಓದಿ ಮಗಳಿಗೆ ಹೇಳಿದೆ. ಅವಳಿಗೆ ಹಿಡಿಸಿದ್ದು ಆನೆ ಮತ್ತು ಮೂರು ಕುರಿ, ಅಷ್ಟೇ. ಈಗ ಅವಳದು ಹೊಸ ತಕರಾರು. ವೇದಿಕೆ ಮೇಲೆ 'ಥ್ಯಾಕರೆ' ಅನ್ನಬೇಕಾ, ಇಂಗ್ಲಿಷರ ಹಾಗೆ ಅನ್ನಬೇಕಾ? ಅವರ ಟೀಚರ್ 'ಥ್ಯಾಕರೇ' ಅಂತ ಎಳೀತಾರಂತೆ.

ಹುಬ್ಬಳ್ಳಿ ಟು ಲೀಡ್ಸ್

ಇಲ್ಲಿಯವರ ಬಾಯಲ್ಲಿ 'ಥ್ಯಾಕ್ರಿ' ಅಂತ ಚುಟುಕಾಗಿ ಬರ್ತದೆ. ಅದನ್ನು ವೇದಿಕೆ ಮೇಲೆ ಅಂದರೆ ನಿಮ್ಮ ಕಡೆ ಒಬ್ಬರಿಗೂ ತಿಳಿಯಲ್ಲ. ಚೆನ್ನಮ್ಮ 'ಥ್ಯಾಕರೆ' ಅಂತಲೇ ಗುಡುಗಲಿ. ಇನ್ನೂರು ವರ್ಷದಿಂದ ಕಿತ್ತೂರಿನಲ್ಲಿ ಅವನ ಹೆಸರು ಅದೇ.

ಹಳೇ ಕಡತ

ನನ್ನ ಓಟೂ ಅದಕ್ಕೇ. ಧಾರವಾಡಕ್ಕೆ ಬಂದಾಗ ಅವನ ಸಮಾಧಿಯನ್ನೂ ತೋರಿಸಿ. ನನಗೊಂದು ಮೆಸೇಜ್ ಹಾಕಿ, ಜೊತೆಗೆ ಬರ್ತೀನಿ.

ಕಿತ್ತೂರ ಕಡೆಯವ

ಆಯ್ತು, ಥ್ಯಾಕರೆನೇ. ಶನಿವಾರ ಕಾರ್ಯಕ್ರಮ, ವಿಡಿಯೋ ಹಾಕ್ತೀನಿ. ಖಡ್ಗ ಇನ್ನೂ ಮಾಡಿಲ್ಲ, ರಟ್ಟು ತರೋಕೆ ಹೊರಟೆ.